ಅನುಮಾನದ ಮೇಷ್ಟರು ಕೇಳದೆ ಬಿಟ್ಟ ಪ್ರಶ್ನೆ

ನಮ್ಮನೆಯವರಿಗೆ ಅನುಮಾನವಿಲ್ಲದೆ ತುತ್ತು ಇಳಿಯುವುದಿಲ್ಲ. ಹಾಲು ಬಂದರೆ ಮೂಸಿ ನೋಡಬೇಕು. ಬಾಗಿಲಿಗೆ ಚಿಲಕ ಹಾಕಿದ ಮೇಲೂ ಎಳೆದೆಳೆದು ನೋಡಬೇಕು. ಪಕ್ಕದ ಮನೆಯಾಕೆ "ಚೆನ್ನಾಗಿದೀರಾ ಸರ್?" ಎಂದರೆ ಸಾಕು, ಒಳಗೆ ಬಂದು ದನಿ ತಗ್ಗಿಸಿ, "ಇವತ್ತೇನು ಇಷ್ಟು ನಯವಾಗಿ ಮಾತಾಡ್ತಿದಾಳೆ? ಏನೋ ಬೇಕಾಗಿರಬೇಕು ನೋಡು" ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ತವರಿನಿಂದ ಎರಡು ದಿನ ಮೊದಲೇ ಹೊರಟು ಬಂದೆ. ಸಂತೋಷಪಡುವುದು ಬಿಟ್ಟು, "ಅಲ್ಲಿ ಯಾರ ಜೊತೆ ಜಗಳ ಆಯ್ತು?" ಎಂದು ಕೇಳಿದ ಪುಣ್ಯಾತ್ಮರು!

ಪೂರ್ತಿ ಅವರನ್ನೇ ದೂರುವ ಹಾಗೂ ಇಲ್ಲ. ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಕೂತು ಜನರ ಕ್ಲೇಮು ಓದಿದವರು. ಅಂಗಡಿ ಸುಟ್ಟಿತು, ಗೋದಾಮಿಗೆ ನೀರು ನುಗ್ಗಿತು ಎಂದು ಎಲ್ಲರೂ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದರು. "ದ ಡೋರ್ ವಾಸ್ ಲೆಫ್ಟ್ ಓಪನ್ ಅಂತೆ ಕಣೇ! ಬಾಗಿಲು ತೆರೆದಿಡಲಾಗಿತ್ತಂತೆ. ಯಾರು ತೆರೆದಿಟ್ಟಿದ್ದು? ಗಾಳಿನಾ, ಇವನ ಭಾಮೈದನಾ?" ಎಂದು ತಟ್ಟೆಯ ಮುಂದೆ ಕೂತು ಕೂಗಾಡುತ್ತಿದ್ದರು. ಪ್ಯಾಸಿವ್ ವಾಯ್ಸ್ ಎಂದರೆ ಕಳ್ಳರು ಅವಿತುಕೊಳ್ಳುವ ಮಂಚದಡಿ ಎಂದೇ ಅವರ ತೀರ್ಮಾನ.

ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂತರೆ ನನ್ನನ್ನೇ ವಿಚಾರಣೆ ಮಾಡುತ್ತಾರಲ್ಲ ಎಂದು ನಾನೇ ಹೆದರಿ, ಮುಂದಿನ ಕೋಣೆಯಲ್ಲಿ ಆಫೀಸ್ ಇಂಗ್ಲಿಷ್ ಕ್ಲಾಸು ಶುರು ಮಾಡಿಸಿದೆ. ಬೆಳಿಗ್ಗೆ ಆರಕ್ಕೆ, ಕೆಲಸಕ್ಕೆ ಹೋಗುವವರಿಗೆ. ದಿನಾ ಒಂದೇ ಹೋಮ್‌ವರ್ಕ್. ನಿನ್ನೆ ನಿಮ್ಮ ಕೆಲಸದ ಜಾಗದಲ್ಲಿ ನಡೆದದ್ದನ್ನು ಐದು ವಾಕ್ಯದಲ್ಲಿ ಪ್ಯಾಸಿವ್ ವಾಯ್ಸಿನಲ್ಲಿ ಬರೆದು ತರಬೇಕು. ನಿಜ ನಡೆದದ್ದೇ ಆಗಬೇಕು, ಕಂತೆ ಪುರಾಣ ಬೇಡ. ಒಬ್ಬೊಬ್ಬರ ಪುಸ್ತಕವನ್ನೂ ಗಟ್ಟಿಯಾಗಿ ಓದಿ, ಕೆಂಪು ಪೆನ್ನು ಹಿಡಿದು ಕೇಳುತ್ತಿದ್ದರು.

"ದ ಗೇಟ್ ವಾಸ್ ಲಾಕ್ಡ್ ಅಟ್ ಟೆನ್. ಯಾರು ಹಾಕಿದ್ದು?"

"ನಾನೇ ಸರ್," ಎನ್ನುತ್ತಿದ್ದ ಬ್ಯಾಂಕಿನ ವಾಚ್‌ಮನ್.

"ಸರಿ. ಗೇಟಿಗೆ ಬೀಗ ಹಾಕೋನು ವಾಚ್‌ಮನ್ ಅಂತ ಎಲ್ಲರಿಗೂ ಗೊತ್ತು. ಇಲ್ಲಿ 'ಬೈ ವಾಚ್‌ಮನ್' ಅಂತ ಸೇರಿಸೋದು ಬೇಡ. ಆದ್ರೆ ಬೀಗ ಮುರಿದಿತ್ತು ಅಂತ ಬರೆದ್ರೆ ಬಿಡೋನಲ್ಲ ನಾನು."

ನನ್ನ ಓದು ಏಳನೇ ಕ್ಲಾಸಿಗೇ ನಿಂತದ್ದು. ಆದರೂ ಅಡುಗೆಮನೆಯಲ್ಲಿ ನಿಂತು ಆರು ವರ್ಷ ಈ ಪಾಠ ಕೇಳಿ ಕೇಳಿ, ವಾಸ್ ಎಲ್ಲಿ, ವರ್ ಎಲ್ಲಿ ಎಂದು ನನಗೂ ಬಂದುಬಿಟ್ಟಿದೆ.

ಆರನೇ ವರ್ಷ ಸೇರಿದವಳು ಸಿರಪ್ ಫ್ಯಾಕ್ಟರಿಯ ಹುಡುಗಿ. ಕೆಮ್ಮಿನ ಔಷಧಿ ತಯಾರಿಸುವ ಕಾರ್ಖಾನೆ, ಇವಳದು ಪ್ಯಾಕಿಂಗು. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಇಪ್ಪತ್ತಾರು ವರ್ಷಕ್ಕೇ ಕಾಲಿನ ನರ ಹುರಿ ಹಗ್ಗದಂತೆ ಉಬ್ಬಿತ್ತು. ಅಲ್ಲಿ ರೆಕಾರ್ಡ್ ಬರೆಯುವ ಒಂದು ಕೆಲಸ ಖಾಲಿ ಇತ್ತು. "ಕೂತು ಮಾಡೋ ಕೆಲಸ ಅಮ್ಮಾ. ಕುರ್ಚಿ ಇದೆ, ಫ್ಯಾನಿದೆ. ರೆಕಾರ್ಡೆಲ್ಲ ಪ್ಯಾಸಿವಲ್ಲೇ ಇರಬೇಕಂತೆ. ಸೋಮವಾರ ಮ್ಯಾನೇಜರಿಗೆ ನನ್ನ ಹೋಮ್‌ವರ್ಕ್ ಪುಸ್ತಕ ತೋರಿಸಬೇಕು" ಎಂದು ಶನಿವಾರ ನನ್ನ ಹತ್ತಿರ ಹೇಳಿಕೊಂಡಳು. ಆ ಕುರ್ಚಿಯ ಮೇಲೆ ಅವಳು ಅಷ್ಟು ಆಸೆ ಇಟ್ಟಿದ್ದಳು.

ಅವತ್ತು ಇವರು ಅವಳ ಪುಸ್ತಕ ಓದತೊಡಗಿದರು. "ದ ಬಾಟಲ್ಸ್ ವರ್ ರಿಟರ್ನ್ಡ್ ಫ್ರಮ್ ದ ಶಾಪ್ಸ್. ದ ಓಲ್ಡ್ ಲೇಬಲ್ಸ್ ವರ್ ರಿಮೂವ್ಡ್ ಇನ್ ಹಾಟ್ ವಾಟರ್. ನ್ಯೂ ಲೇಬಲ್ಸ್ ವರ್ ಪೇಸ್ಟೆಡ್..." ಐದಕ್ಕೆ ಐದೂ ಸರಿ. ಇವರ ಮುಖ ಅರಳಿದ್ದೇ ಅರಳಿದ್ದು. "ಭೇಷ್! ಒಂದು ತಪ್ಪಿಲ್ಲ. ಸೋಮವಾರ ಈ ಪುಟಾನೇ ತೋರಿಸು!" ಎಂದು ಪೂರ್ತಿ ಅಂಕ ಕೊಟ್ಟುಬಿಟ್ಟರು.

ಸೊಪ್ಪು ಸೋಸುತ್ತಿದ್ದ ನನ್ನ ಕೈ ನಿಂತಿತು. ಎಲ್ಲರೂ ಹೋದ ಮೇಲೆ ಕೇಳಿದೆ. "ರೀ, ಅಂಗಡಿಯಿಂದ ವಾಪಸ್ ಬಂದ ಔಷಧಿಗೆ ಹೊಸ ಲೇಬಲ್ ಯಾಕ್ರೀ?"

"ಯಾಕೆ ಅಂದ್ರೆ?" ಎಂದವರಿಗೆ ಮಾತಿನ ನಡುವೆಯೇ ಹೊಳೆಯಿತು. ಹಾಲನ್ನೂ ನಂಬದ ಮನುಷ್ಯ, ವ್ಯಾಕರಣ ಚೆನ್ನಾಗಿದೆ ಎಂದು ಕಣ್ಣು ಮುಚ್ಚಿ ನಂಬಿಬಿಟ್ಟಿದ್ದರು! ಸ್ವಲ್ಪ ಹೊತ್ತಿಗೆ ಅನುಮಾನ ಹುಡುಗಿಯ ಮೇಲೆ ತಿರುಗಿತು. "ಅವಳೂ ಶಾಮೀಲು ಕಣೇ. ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಶಾಮೀಲಾದವಳು ಹೋಮ್‌ವರ್ಕಲ್ಲಿ ಬರೆದು ತಂದು ನಿಮ್ಮ ಕೈಗೆ ಕೊಡ್ತಾಳಾ? ಬುದ್ಧಿ ಎಲ್ಲಿಟ್ಟಿದೀರಿ?" ಎಂದೆ. ಆದರೂ ಆ ದಿನವಿಡೀ ನನಗೂ ಒಳಗೊಳಗೇ ಕೊರೆಯುತ್ತಿತ್ತು. ನಿಜವಾಗಿ ಗೊತ್ತಿಲ್ಲದೆ ಇದ್ದೀತಾ ಅವಳಿಗೆ?

ಭಾನುವಾರ ಬೆಳಿಗ್ಗೆ ಕರೆಸಿದರು. ಅವಳನ್ನು ಕೂರಿಸಿ, ಕ್ಲೇಮು ವಿಚಾರಣೆಯ ಹಾಗೆ ಶುರುಮಾಡಿದರು.

"ಲೇಬಲ್ ಯಾಕೆ ಕೀಳೋದು?"

"ಪ್ರಿಂಟ್ ತಪ್ಪಾಗಿದೆ ಅಂದ್ರು ಸರ್."

"ಯಾರು ಅಂದ್ರು?"

"ಎಲ್ಲರೂ ಹಾಗೇ ಅಂತಾರೆ."

"ಎಲ್ಲರೂ ಅಂದ್ರೆ ಯಾರೂ ಅಲ್ಲ! ಹಳೇ ಲೇಬಲ್ಲಲ್ಲಿ ತಾರೀಕು ನೋಡಿದ್ಯಾ?"

ಹುಡುಗಿ ತೊದಲಿದಳು. "ನೀರಿಗೆ ಹಾಕ್ತಿದ್ದ ಹಾಗೇ ಮುದ್ದೆ ಆಗುತ್ತೆ ಸರ್. ನಿಮಿಷಕ್ಕೆ ಇಷ್ಟು ಅಂತ ಕೀಳಬೇಕು. ಓದೋಕೆ ಎಲ್ಲಿ ಬಿಡ್ತಾರೆ?" ಆಮೇಲೆ ಏನೋ ಹೊಳೆದವಳಂತೆ ಎದ್ದಳು. ಆತುರವಿದ್ದಾಗ ಕೆಲವಕ್ಕೆ ಹಳೆಯದರ ಮೇಲೇ ಹೊಸದನ್ನು ಅಂಟಿಸಲು ಹೇಳುತ್ತಿದ್ದರಂತೆ. ಕೆಲಸದವರಿಗೆಂದು ಕೊಟ್ಟ ಒಂದು ಬಾಟಲಿ ಅವಳ ಮನೆಯಲ್ಲೂ ಇತ್ತು. ಪಕ್ಕದ ಬೀದಿಯೇ, ಓಡಿಹೋಗಿ ತಂದಳು.

ನಾನು ಬೋಗುಣಿಯಲ್ಲಿ ಬಿಸಿನೀರು ಕೊಟ್ಟೆ. ಅವಳು ಮೇಲಿನ ಲೇಬಲ್ಲು ಮಾತ್ರ ನೆನೆಯುವಷ್ಟು ಬಾಟಲಿ ಅದ್ದಿ, ಹೆಬ್ಬೆರಳಿನ ಉಗುರಿನಿಂದ ಮೂಲೆ ಎಬ್ಬಿಸಿ, ಒಂದೇ ಎಳೆತಕ್ಕೆ ಸಿಪ್ಪೆಯ ಹಾಗೆ ಬಿಡಿಸಿದಳು. ಅಡಿಯಲ್ಲಿ ಇನ್ನೊಂದು ಲೇಬಲ್ಲು. ಇವರು ಕನ್ನಡಕ ಏರಿಸಿ ಓದಿದರು. ಆ ಔಷಧಿಯ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು.

ಆಮೇಲೆ ಇವರು ಮೆಲ್ಲಗೆ ಹೇಳಿದ್ದು ಕೇಳಿ ನನ್ನ ಮೈ ಉರಿದುಹೋಯಿತು. "ನೋಡಮ್ಮ, ಆ ಪುಟ ಹರಿದುಬಿಡು. ನಾಳೆ ಬೇರೆ ಪುಟ ತೋರಿಸಿ ಆ ಕೆಲಸಕ್ಕೆ ಸೇರಿಕೋ. ಆಮೇಲೆ ಹೆಸರಿಲ್ಲದೆ ಒಂದು ಅರ್ಜಿ ಹಾಕೋಣ. ಲೇಬಲ್ಸ್ ವರ್ ರಿಮೂವ್ಡ್ ಅಂದ್ರೆ ಸಾಕು. ಇಂಗ್ಲಿಷ್ ಪ್ರಕಾರ ಸರಿಯಾಗೇ ಇರುತ್ತೆ, ಬೈ ಬೇಕಿಲ್ಲ."

"ಏನ್ರೀ ಇದು! ಊರಿನವರನ್ನೆಲ್ಲ ಯಾರು ಯಾರು ಅಂತ ಕೇಳಿದ ಬಾಯಿ ಇದೇನಾ?" ಎಂದು ಹರಿಹಾಯ್ದೆ.

"ಅವಳ ಕಾಲು ನೋಡಿದೀಯಾ ನೀನು?" ಎಂದು ಅವರೂ ರೇಗಿದರು.

ಹುಡುಗಿ ನಮ್ಮಿಬ್ಬರ ಕಡೆಗೂ ನೋಡುತ್ತಿರಲಿಲ್ಲ. ಬಾಟಲಿಯಲ್ಲಿ ಅರ್ಧ ಉಳಿದಿದ್ದ ಔಷಧಿಯನ್ನೇ ನೋಡುತ್ತಾ ಕೇಳಿದಳು. "ಮಗೂಗೆ ಕುಡಿಸಿದ್ದನ್ನೂ ಹಾಗೇ ಬರೀಬಹುದಾ ಸರ್?"

"ಯಾವ ಮಗು?"

"ಅಕ್ಕನ ಮಗಳು. ನಾಲ್ಕು ವರ್ಷ. ಕೆಮ್ಮು ಕಡಿಮೇನೇ ಆಗ್ಲಿಲ್ಲ. ಅದಕ್ಕೆ ನಿನ್ನೆಯಿಂದ ಒಂದು ಚಮಚ ಜಾಸ್ತಿ ಮಾಡಿದೆ. ನನ್ನ ಕೈಯಾರೆ ಕುಡಿಸಿದೆ ಸರ್."

ಇವರು ಮನೆಯಲ್ಲಿ ಹಾಕಿಕೊಳ್ಳುವ ಬನಿಯನ್ನಿನಲ್ಲೇ ಬೀದಿಗಿಳಿದರು. ಬಾಟಲಿ ಹಿಡಿದು, ಅವಳ ಮನೆಯಿಂದ ಮಗುವನ್ನು ಎತ್ತಿಕೊಂಡು, ಅಕ್ಕನನ್ನೂ ಕರೆದುಕೊಂಡು ಎದುರು ರಸ್ತೆಯ ಡಾಕ್ಟರಮ್ಮನ ಮನೆಗೆ ಓಡಿದೆವು. ಆಕೆ ಮಗುವಿನ ಎದೆ, ಹೊಟ್ಟೆ, ಕಣ್ಣು ನೋಡಿದರು. "ಪ್ರಾಣಕ್ಕೇನೂ ಅಪಾಯ ಕಾಣ್ತಿಲ್ಲ. ಆದ್ರೆ ಕಫ ಎದೆಗೆ ಇಳಿದಿದೆ, ಒಂದು ವಾರ ಮೊದಲೇ ತರಬೇಕಿತ್ತು. ಆಸ್ಪತ್ರೆಗೆ ಸೇರಿಸಿ" ಎಂದರು. ಬಾಟಲಿಯನ್ನು ತಿರುಗಿಸಿ ನೋಡಿ, "ಇದನ್ನ ನಾನು ಔಷಧಿ ಇಲಾಖೆಗೆ ಇವತ್ತೇ ತಿಳಿಸ್ತೀನಿ. ಗೊತ್ತಿರೋರು ಯಾರಾದ್ರೂ ಬರೆದು ಕೊಡಬೇಕು. ಹೆಸರು ಹಾಕಬೇಕಾಗುತ್ತೆ" ಎಂದರು.

ಅಕ್ಕ ಮಗುವಿನೊಂದಿಗೆ ಆಸ್ಪತ್ರೆಗೆ ಹೊರಟ ಮೇಲೆ ಹುಡುಗಿ ಅಲ್ಲೇ ಬೆಂಚಿನ ಮೇಲೆ ಕೂತು ಬರೆದಳು. ಇವರು ಪಕ್ಕದಲ್ಲಿ ನಿಂತು, "ಆ ಕೆಲಸ ಹೋಗುತ್ತಮ್ಮ. ಈಗಿರೋದೂ ಹೋಗುತ್ತೆ" ಎಂದರು.

"ಗೊತ್ತು ಸರ್. ತಪ್ಪಿದ್ರೆ ತಿದ್ದಿ ಕೊಡಿ," ಎಂದು ಕಾಗದ ಚಾಚಿದಳು. ಐ ರಿಮೂವ್ಡ್ ದ ಓಲ್ಡ್ ಲೇಬಲ್ಸ್ ಎಂದು ಶುರುವಾಗಿತ್ತು. ಕೊನೆಯಲ್ಲಿ ಅವಳ ಪೂರ್ತಿ ಹೆಸರು, ವಿಳಾಸ.

ಇವರು ಕಾಗದವನ್ನು ಕೊನೆಯವರೆಗೆ ಓದಿದರು. ಒಂದು ಅಕ್ಷರವನ್ನೂ ತಿದ್ದಲಿಲ್ಲ. ಆಮೇಲೆ ಡಾಕ್ಟರಮ್ಮನ ಪೆನ್ನು ಕೇಳಿ ತೆಗೆದುಕೊಂಡು, ಅವಳ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು. ನಾನು ಬಗ್ಗಿ ನೋಡಿದೆ. "ಲೇಬಲ್ ಕಿತ್ತ ಸಂಗತಿಯನ್ನು ನಾನು ಶನಿವಾರವೇ ಓದಿದ್ದೆ, ಓದಿ ಪೂರ್ತಿ ಅಂಕ ಕೊಟ್ಟೆ" ಎಂದು ಬರೆದಿದ್ದರು.