ಗರಡಿಯಿಂದ ತೆಗೆದ ಮಣ್ಣು

ನನಗೆ ಸೋರಿಯಾಸಿಸ್ ಇದೆ. ಮೊಣಕೈ, ಬೆನ್ನು, ಕಣಕಾಲಿನ ಮೇಲೆಲ್ಲ ಕೆಂಪು ಕಲೆ, ಅದರಿಂದ ಹೊಟ್ಟಿನಂತೆ ಉದುರುವ ಬಿಳಿ ಪೊರೆ. ಶಿರಹಟ್ಟಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕಿಯೇ ಕೂಡುತ್ತೇನೆ. ಬಂದವರು ಬದನೆಕಾಯಿ ಬಿಡು, ಗೋಮೂತ್ರ ಹಚ್ಚು ಎಂದು ಬುದ್ಧಿ ಹೇಳುತ್ತಾರೆ, ಹೇಳುವಾಗ ಮಾತ್ರ ತುಸು ಹಿಂದೆಯೇ ನಿಂತಿರುತ್ತಾರೆ. ಸಿಟ್ಟು ನೆತ್ತಿಗೇರುತ್ತದೆ. ಇದು ಅಂಟುವ ರೋಗವಲ್ಲ ಎಂದು ಎಷ್ಟು ಜನರ ಮುಂದೆ ಬಾಯಿ ಬಡಿದುಕೊಳ್ಳಲಿ?

ಗದಗಿನ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ನನ್ನ ಹೊಟ್ಟೆ ನೋಡಿ ಗದರಿದರು. ದಿನಾ ಮೈ ದಣಿಯಬೇಕು, ತೂಕ ಇಳಿಯಬೇಕು, ಬೆವರಿದ ಮೇಲೆ ತೊಳೆದುಕೊಂಡು ಮುಲಾಮು ಹಚ್ಚಬೇಕು. ರೋಗ ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿತಕ್ಕೆ ಬರುತ್ತದೆ ಎಂದರು. ವಾಕಿಂಗ್ ನನ್ನ ಜಾಯಮಾನಕ್ಕೆ ಒಗ್ಗುವುದಲ್ಲ. ಈ ಮೈಗೆ ಗೊತ್ತಿದ್ದದ್ದು ಗರಡಿಯೊಂದೇ.

ನಮ್ಮ ಓಣಿಯ ಗರಡಿಯನ್ನು ಈಗ ನಡೆಸುವವನು ಹರೆಯದಲ್ಲಿ ನನ್ನ ಕುಸ್ತಿಯ ಜೋಡಿಯಾಗಿದ್ದವನು. ಬಾ ಅಂದ. ಆದರೆ ಸಾಮು ಹೊರಗೆ ಕಟ್ಟೆಯ ಮೇಲೆ ಮಾಡು, ಕುಸ್ತಿಯ ಮಣ್ಣಿಗೆ ಇಳಿಯುವುದು ಸದ್ಯ ಬೇಡ ಎಂದು ಮೆಲ್ಲಗೆ ಹೇಳಿದ. ಒಪ್ಪಿದೆ. ಮೊದಮೊದಲು ಬೆವರು ಬಿರುಕುಗಳಲ್ಲಿ ಇಳಿದು ಖಾರ ಸವರಿದಂತೆ ಉರಿಯುತ್ತಿತ್ತು. ಹಲ್ಲು ಕಚ್ಚಿ ದಂಡ ಹೊಡೆದೆ, ಬಸ್ಕಿ ಹೊಡೆದೆ. ಬೇಸಿಗೆ ಮುಗಿದು ಮಳೆ ಬರುವಷ್ಟರಲ್ಲಿ ಹೊಟ್ಟೆ ಕರಗಿತ್ತು, ಕಲೆಗಳು ತೆಳುವಾಗಿದ್ದವು, ರಾತ್ರಿ ಕೆರೆದುಕೊಳ್ಳದೆ ನಿದ್ದೆ ಬರುತ್ತಿತ್ತು.

ಆದರೆ ನನಗೆ ಬೇಕಾಗಿದ್ದದ್ದು ಮಣ್ಣು. ಮುಲಾಮು ಹಚ್ಚುವ ಹೆಂಡತಿಯನ್ನು ಬಿಟ್ಟರೆ ಎಷ್ಟೋ ವರ್ಷಗಳಿಂದ ನನ್ನ ಮೈಯನ್ನು ಯಾರೂ ಮುಟ್ಟಿರಲಿಲ್ಲ. ಒಬ್ಬ ಗಂಡಸು ಬಂದು ನನ್ನ ಕುತ್ತಿಗೆಗೆ ಕೈ ಹಾಕಿ ಜಗ್ಗಲಿ ಎಂದು ಜೀವ ಹಾತೊರೆಯುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಒಂದು ಸಂಜೆ ಆ ಹಳೆಯ ಜೋಡಿಯೇ ಕರೆದ, “ಬಾರಲೇ, ಒಂದ್ ಕೈ ಹಿಡಿಯೂಣು.” ಹಿಡಿತ ಜಾರದಿರಲೆಂದು ನಮ್ಮಲ್ಲಿ ಎದುರಾಳಿಯ ಮೈಗೆ ಮಣ್ಣು ಸವರುವ ರೂಢಿ. ಅವನು ಬೊಗಸೆ ಮಣ್ಣೆತ್ತಿ ನನ್ನ ಹೆಗಲಿಗೆ, ಬೆನ್ನಿಗೆ, ಕಲೆಗಳ ಮೇಲೆಯೇ ಸವರಿದ. ನಾನೂ ಅವನಿಗೆ ಸವರಿ ಕುತ್ತಿಗೆಗೆ ಕೈ ಹಾಕಿದೆ. ಎರಡೇ ಪಟ್ಟಿಗೆ ನನ್ನನ್ನು ಕೆಡವಿ ಮೇಲೆ ಕೂತು ನಕ್ಕ. ಸೋತು ಅಷ್ಟು ಹಿಗ್ಗಿದ್ದು ಅದೇ ಮೊದಲು.

ಮರುದಿನ ಬೆಳಗ್ಗೆ ಹುಮ್ಮಸ್ಸಿನಲ್ಲಿ ಬೇಗನೆ ಹೋದೆ. ಗರಡಿಯ ಮಣ್ಣನ್ನು ಯಾರೂ ಚೆಲ್ಲುವುದಿಲ್ಲ. ಅರಿಷಿಣ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡುತ್ತಾರೆ, ಕೈಮುಗಿದು ಇಳಿಯುತ್ತಾರೆ. ಅಂಥ ಮಣ್ಣನ್ನು ನಾವು ಹಿಂದಿನ ಸಂಜೆ ಹೊರಳಾಡಿದ್ದ ಮೂಲೆಯಿಂದ ಅವನು ಸಲಿಕೆಯಲ್ಲಿ ಅಗೆದು ಬುಟ್ಟಿಗೆ ತುಂಬುತ್ತಿದ್ದ. ಹಿತ್ತಲ ಗಟಾರದ ಪಕ್ಕ ಆಗಲೇ ಒಂದು ಗುಡ್ಡೆ ಬಿದ್ದಿತ್ತು.

ನನ್ನನ್ನು ಕಂಡು ಸಲಿಕೆ ಊರಿ ನಿಂತ. ಸುಳ್ಳು ಹೇಳಲಿಲ್ಲ. ಸಾಮಿಗೆ ಬರುವ ಹುಡುಗರ ಮನೆಯವರು ರಾತ್ರಿಯೇ ಬಂದು ನನ್ನನ್ನು ಯಾಕೆ ಮಣ್ಣಿಗಿಳಿಸಿದೆ ಎಂದು ಕೇಳಿದರಂತೆ, ಗರಡಿ ನಡೆಯಬೇಕಲ್ಲ ಅಂದ. ತನಗೇನೂ ಅಂಜಿಕೆಯಿಲ್ಲವಂತೆ.

ನಾನು ತಡೆದುಕೊಳ್ಳಲಿಲ್ಲ. “ನಾ ನಿನ್ನ ಮೈಗೂ ತಾಗೀನಲ್ಲೋ. ಅದನ್ನೂ ಕೆರದು ಬುಟ್ಟಿಗೆ ಹಾಕು.”

ಅವನು ತಲೆ ತಗ್ಗಿಸಿದ. ಆಗ ಅವನ ಕುತ್ತಿಗೆ ನೋಡಿದೆ. ನಾನು ಹಿಡಿದಿದ್ದ ಜಾಗವೆಲ್ಲ ತಿಕ್ಕಿ ತಿಕ್ಕಿ ಕೆಂಪಾಗಿತ್ತು.

“ಬೇವಿನ ನೀರು ಹಾಕ್ಕೊಂಡೀನೋ,” ಅಂದ. “ಮನ್ಯಾಗ ಮೊಮ್ಮಗಳು ಐತಿ.”

ಅಂಗಿಯ ತೋಳು ಇಳಿಸಿಕೊಂಡು ಮನೆಗೆ ಬಂದೆ, ಮತ್ತೆ ಗರಡಿಗೆ ಹೋಗಲಿಲ್ಲ. ಈಗ ಮಾಳಿಗೆಯ ಮೇಲೆ ಒಬ್ಬನೇ ಸಾಮು ಮಾಡುತ್ತೇನೆ. ಡಾಕ್ಟರಿಗೆ ಬಹಳ ಖುಷಿಯಾಗಿದೆ, ಹೀಗೇ ನಡೆಸಿರಿ ಎನ್ನುತ್ತಾರೆ. ನಡೆಸಿದ್ದೇನೆ. ದಂಡ, ಬಸ್ಕಿಗೆ ಇನ್ನೊಬ್ಬರ ಹಂಗಿಲ್ಲ. ಕುಸ್ತಿಗೆ ಇಬ್ಬರು ಬೇಕು.