ನಮ್ಮನೆಯವರ ಹಿಂದೆ ಓಡಿದ ರಸ್ತೆಗಳು

ನಮ್ಮನೆಯವರ ಹಿಮ್ಮಡಿಗಳು ಒಡೆದಿದ್ದವು. ಎಡಗಾಲಿನದು ಹೆಚ್ಚು, ಅಲ್ಲೊಂದು ಬಿರುಕು ಕುದುರೆ ಲಾಳದ ಹಾಗೆ ಬಾಗಿಕೊಂಡಿತ್ತು. ಬೆಳಿಗ್ಗೆ ಮೇಣದಬತ್ತಿ ಕರಗಿಸಿ, ಕೊಬ್ಬರಿ ಎಣ್ಣೆ ಬೆರೆಸಿ ಆ ಬಿರುಕಿಗೆ ತುಂಬುತ್ತಿದ್ದರು. ಓಡಿ ಬರುವಷ್ಟರಲ್ಲಿ ಮೇಣ ಎಲ್ಲೋ ಉದುರಿ, ಅದರ ಜಾಗದಲ್ಲಿ ಓಮಲೂರು ರಸ್ತೆಯ ಕೆಮ್ಮಣ್ಣು ಸೇರಿರುತ್ತಿತ್ತು. ಅವರ ಮುಖಕ್ಕಿಂತ ಈ ಹಿಮ್ಮಡಿಗಳೇ ನನಗೆ ಚೆನ್ನಾಗಿ ನೆನಪಿವೆ ಎಂದರೆ ನಗಬೇಡಿ. ಅರವತ್ತರ ದಶಕದ ಕೊನೆಯಿಂದ ಕೆಲವು ವರ್ಷ, ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ನಡೆದ ರಸ್ತೆ ಓಟಗಳಲ್ಲಿ ನಾನು ಅವರ ಬೆನ್ನ ಹಿಂದೆಯೇ ಓಡಿದವಳು.

ಅವರು ಸೇಲಂ ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಕುರ್ಚಿ ಕೊಟ್ಟಿದ್ದರು, ಅದರಲ್ಲಿ ಕೂತದ್ದು ಕಡಿಮೆ. ಮನೆಯಲ್ಲೂ ಅದೇ ಕಥೆ. ಊಟಕ್ಕೆ ಕೂತವರು ಮಜ್ಜಿಗೆಯ ಹೊತ್ತಿಗೆ ಎದ್ದಿರುತ್ತಿದ್ದರು. ಲೋಟ ಹಿಡಿದುಕೊಂಡು ಅಂಗಳದಲ್ಲಿ ಓಡಾಡುತ್ತ ಕುಡಿಯುತ್ತಿದ್ದರು. ಸಿನಿಮಾಕ್ಕೆ ಹೋದರೆ ಇಂಟರ್‌ವಲ್ಲಿಗೆ ಎದ್ದುಹೋದವರು ಮತ್ತೆ ಒಳಗೆ ಬರುತ್ತಿರಲಿಲ್ಲ. ಉಳಿದರ್ಧ ಕಥೆಯನ್ನು ಮನೆಗೆ ಬರುವ ದಾರಿಯಲ್ಲಿ ನಾನು ಹೇಳಬೇಕು, ಅದೂ ಅವರ ಬಿರುಸಿನ ನಡಿಗೆಗೆ ಹೆಜ್ಜೆ ಹಾಕುತ್ತ. "ಕಾಲು ಸುಮ್ಕಿರಲ್ಲ ಕಣೆ. ಬಾ, ಒಂದ್ ರೌಂಡ್ ಓಗ್ಬರಾಣ" ಎನ್ನುವುದು ಅವರ ದಿನದ ಮಾತು. ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಿರಲಿಲ್ಲ. ಅದಕ್ಕೇ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದಲೇ ಹೀಗೆ ಎಂದು ಅವರ ತಾಯಿ ಹೇಳುತ್ತಿದ್ದರು. ಎರಡನ್ನೂ ಕೇಳಿ ನನಗೆ ಸಾಕಾಗಿತ್ತು. ಆ ಎರಡು ಕೋಣೆಯ ಮನೆಯಲ್ಲಿ ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ನಾನು ಮೆಟ್ಟೂರಿನ ಹತ್ತಿರದ ಕೊಳತ್ತೂರಿನ ಕಡೆಯ ಹುಡುಗಿ. ನಮ್ಮದು ಕನ್ನಡ ಮಾತಾಡುವ, ಕುರಿ ಸಾಕುವ ಮನೆ. ಅತ್ತೆ, ಅಂದರೆ ಇವರ ತಾಯಿ, ನನ್ನ ಅಪ್ಪನ ಸ್ವಂತ ಅಕ್ಕ. ಒಂದು ಸಲ ನಾವಿಬ್ಬರೂ ಅಪ್ಪನ ಮನೆಗೆ ಹೋಗಿದ್ದಾಗ ಹೊಸದಾಗಿ ತಂದಿದ್ದ ಟಗರು ಹಗ್ಗ ಕಿತ್ತುಕೊಂಡು ಬಸ್ಸಿನ ರಸ್ತೆಯತ್ತ ಹಾರಿತು. ಇವರು ಓಡಿದರು. ಶಾಲೆಯಲ್ಲಿ ಓಟದ ಬಹುಮಾನ ಪಡೆದವರು, ಪಂಚೆ ಎತ್ತಿ ಕಟ್ಟಿ ಚೆನ್ನಾಗಿಯೇ ಓಡಿದರು. ನಾನು ಕಳ್ಳಿ ಬೇಲಿಯ ಕಡೆಯಿಂದ ಹೋಗಿ ಅವರಿಗಿಂತ ಮೊದಲು ಟಗರಿನ ಕೊಂಬು ಹಿಡಿದೆ. ಇದು ನಮ್ಮೂರಲ್ಲಿ ಯಾರೂ ತಿರುಗಿ ನೋಡುವ ಸಂಗತಿಯಲ್ಲ. ಇವರು ಮಾತ್ರ ಸೇಲಂ ತಲುಪುವವರೆಗೂ ಬಸ್ಸಿನಲ್ಲಿ ಅದೇ ಮಾತು ತೆಗೆದರು, ಕಂಡಕ್ಟರಿಗೂ ಹೇಳಿದರು.

ಆ ಕಾಲಕ್ಕೆ ಊರಿನ ಕ್ಲಬ್ಬಿನವರು, ಸಂಘದವರು ಒಂದಲ್ಲ ಒಂದು ನಿಧಿಗಾಗಿ ಓಟ ಇಡುತ್ತಿದ್ದರು. ಒಮ್ಮೆ ಪುಯಲ್, ಅಂದರೆ ಚಂಡಮಾರುತದ ಪರಿಹಾರಕ್ಕೆ, ಒಮ್ಮೆ ಶಾಲೆಯ ಚಾವಣಿಗೆ. ಹೆಂಗಸರೂ ಓಡಬಹುದು, ಆದರೆ ಮನೆಯ ಗಂಡಸೊಬ್ಬರು ಜೊತೆಗೆ ಓಡಬೇಕು ಎಂದು ನಿಯಮವಿತ್ತು. ಓಡುತ್ತಿದ್ದ ಹೆಂಗಸರು ಬೆರಳೆಣಿಕೆಯಷ್ಟು, ಅವರಲ್ಲೂ ಹೆಚ್ಚಿನವರು ಮಿಷನ್ ಶಾಲೆಯ ಟೀಚರುಗಳು. ಇವರು ನನ್ನನ್ನು ಕೇಳದೆ ಇಬ್ಬರ ಹೆಸರನ್ನೂ ಬರೆಸಿ ಬಂದರು. ದರ್ಜಿಗೆ ಹೇಳಿ ಮೊಣಕಾಲುದ್ದದ ನಿಕ್ಕರ್ ಹೊಲಿಸಿ ತಂದು, ಸೀರೆಯ ಒಳಗೆ ಹಾಕಿಕೋ ಎಂದರು. ನಾನು ನಾಚಿಕೆಯಿಂದ ಸತ್ತೇಹೋದೆ. ಅತ್ತೆ ಏನಾದರೂ ಅಂದು ತಪ್ಪಿಸುತ್ತಾರೆ ಎಂದು ಕಾದೆ.

ಅತ್ತೆ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟು ನನ್ನನ್ನು ಒಳಗೆ ಕರೆದರು.

"ಓಡು, ನಾನೂ ಆ ವಯಸ್ನಾಗೆ ಕುರಿ ಹಿಂದೆ ಓಡ್ದೋಳೆ. ಆದ್ರೆ ಗಂಡನ್ನ ದಾಟ್ಬ್ಯಾಡ. ದಾರೀಲಿ ಎಂಡ್ತಿ ಗಂಡನ್ನ ದಾಟಿ ಮುಂದಾದ್ರೆ ಅವನ ಆಯಸ್ಸು ಕಮ್ಮಿ ಆಯ್ತದೆ. ತಾಳಿ ಮುಟ್ಟಿ ಯೋಳು."

ನಾನು ತಾಳಿ ಮುಟ್ಟಿ ಹೇಳಿದೆ. ಸಂತೆಗೆ ಹೋಗುವಾಗಲೂ ಗಂಡನ ಹಿಂದೆಯೇ ನಡೆಯುವವರು ನಾವು. ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅವರ ಹಿಮ್ಮಡಿಗಳನ್ನು ನೋಡುತ್ತ ಓಡುವುದು ಹಾಗೆ ಶುರುವಾಯಿತು.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಅವರಿಗೆ ಒಂದೇ ಹದದಲ್ಲಿ ಓಡಲು ಬಾರದು. ಆರಂಭದಲ್ಲೇ ಬಾಣದ ಹಾಗೆ ಹೋಗಿ, ಅರ್ಧ ದಾರಿಗೆ ಸೋತು, ಮತ್ತೆ ಎಲ್ಲಿಂದಲೋ ರೋಷ ಬಂದು ನುಗ್ಗುವರು. ಅವರು ಸೋತಾಗ ನಾನು ಕಾಲನ್ನು ಗದರಿಸಿ ಹಿಡಿದುಕೊಳ್ಳಬೇಕು. ಏರ್ಕಾಡ್ ಬೆಟ್ಟದ ತಪ್ಪಲಿನಲ್ಲಿ ನಡೆದ ಒಂದು ಓಟದಲ್ಲಿ ಏರು ಬಂದಾಗ ಅವರು ಹೆಚ್ಚುಕಡಿಮೆ ನಡೆದರು. ಅವರ ಹಿಂದೆ ನಿಂತಲ್ಲೇ ಓಡುತ್ತ ನನಗೆ ಎಷ್ಟು ಸಿಟ್ಟು ಬಂತೆಂದರೆ, ಬೆನ್ನಿಗೆ ಕೈಯಿಟ್ಟು ತಳ್ಳಿಬಿಡೋಣ ಅನ್ನಿಸಿತು.

ನಗುವಂಥದ್ದೂ ನಡೆಯಿತು. ಓಮಲೂರು ದಾಟಿದ ಮೇಲೆ ಹುಣಿಸೆ ಮರದ ಕೆಳಗೆ ಮುದುಕಿಯೊಬ್ಬಳು ಕಡಲೆಕಾಯಿ ಮಾರುತ್ತಿದ್ದಳು. ಮುಂದೆ ಗಂಡಸೊಬ್ಬ ಎದ್ದುಬಿದ್ದು ಓಡುತ್ತಿದ್ದಾನೆ, ಹಿಂದೆ ಸೆರಗು ಬಿಗಿದ ಹೆಂಗಸೊಬ್ಬಳು ಬೆನ್ನಟ್ಟಿದ್ದಾಳೆ. ಅವಳು ತನ್ನದೇ ತೀರ್ಮಾನಕ್ಕೆ ಬಂದು, ರಸ್ತೆಗೆ ಅಡ್ಡ ಬಂದು ಇವರ ಅಂಗಿ ಹಿಡಿದಳು. "ಪೊಂಡಾಟ್ಟಿಯೆ ವಿಟ್ಟುಟ್ಟು ಎಂಗಡಾ ಓಡುರೆ?" ಹೆಂಡತಿಯನ್ನು ಬಿಟ್ಟು ಎಲ್ಲಿಗೋ ಓಡುತ್ತೀ ಎಂದು ದಬಾಯಿಸಿದಳು. ಬಿಡಿಸಿಕೊಳ್ಳುವಷ್ಟರಲ್ಲಿ ಹತ್ತಾರು ಮಂದಿ ನಮ್ಮನ್ನು ದಾಟಿಹೋದರು. ಇವರಿಗೆ ಬೇಜಾರೇ ಇಲ್ಲ. "ಪಾಪ, ನಿನ್ ಪರವಾಗಿ ಬಂದ್ಳು ನೋಡು" ಎಂದು ವಾರವಿಡೀ ನಕ್ಕರು.

ಮೆಟ್ಟೂರಿನ ಓಟದಲ್ಲಿ ಗುಟ್ಟು ಹೊರಬಿತ್ತು. ಅಣೆಕಟ್ಟಿನ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಕೊನೆಯ ಗೆರೆ ದಾಟಿದ್ದೇ ಇವರು ಮೊಣಕಾಲು ಹಿಡಿದು ಬಗ್ಗಿದರು, ವಾಂತಿಯೂ ಆಯಿತು. ನಾನು ಎದುರಿನ ಟೀ ಅಂಗಡಿಗೆ ಹೋಗಿ ಚೊಂಬಿನಲ್ಲಿ ನೀರು ತಂದೆ. ಅವರು ನೀರು ಕುಡಿಯದೆ ನನ್ನ ಮುಖ ನೋಡುತ್ತ ನಿಂತರು.

"ನಿಂಗೆ ಉಸ್ರೇ ಬಿಗಿದಿಲ್ವಲ್ಲಲೇ" ಎಂದರು.

ನಾನು ಏನೋ ಹೇಳಿ ಜಾರಿಕೊಳ್ಳಲು ನೋಡಿದೆ. ಆಗಲಿಲ್ಲ. ಸೇಲಂ ಬಸ್ಸಿನಲ್ಲಿ ಕೂತ ಮೇಲೆ ಎಲ್ಲವನ್ನೂ ಹೇಳಿದೆ, ತಾಳಿಯ ಮಾತನ್ನೂ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಅವರು ಮಂಕಾದರು. "ಇಷ್ಟ್ ವರ್ಸ ನನ್ನೇ ಕಾಯ್ತಿದ್ಯಾ" ಎಂದು ಕಿಟಕಿಯ ಕಡೆ ತಿರುಗಿದರು. ಆಮೇಲೆ ಒಂದಷ್ಟು ದಿನ ಮನೆಯಲ್ಲಿ ಅವರ ಓಡಾಟ ಇನ್ನೂ ಹೆಚ್ಚಿತು. ತಾಯಿಯ ಮಾತು ಮುರಿಸಿ ನನ್ನನ್ನು ಕೆಟ್ಟವಳನ್ನಾಗಿ ಮಾಡಲು ಅವರಿಗೆ ಇಷ್ಟವಿರಲಿಲ್ಲ. ತಾವು ಓಟ ಬಿಟ್ಟರೆ ನಿಯಮದ ಪ್ರಕಾರ ನನಗೂ ಓಟವಿಲ್ಲ. ಒಮ್ಮೆ ಗೋಡೆಗೆ ಹೇಳುವವರ ಹಾಗೆ, "ಕಾಲಿರೋಳ್ನ ಕಟ್ಟಾಕಿದಂಗಾಯ್ತಲ್ಲ" ಎಂದರು. ನನಗೆ ಆ ಮಾತು ಕೇಳಿ ಅಳು ಬಂತು. ಪೂರ್ತಿ ಓಡಬೇಕೆಂಬ ಆಸೆ ನನಗೆಷ್ಟಿತ್ತೆಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ತಾಳಿ ಮುಟ್ಟಿ ಆಡಿದ ಮಾತಿನ ಭಯವೂ ಅಷ್ಟೇ ಇತ್ತು.

ಮುಂದಿನ ಓಟ ಧರ್ಮಪುರಿಯಲ್ಲಿ, ಒಂದು ಅನಾಥಾಲಯದ ಕಟ್ಟಡಕ್ಕೆಂದು. ಊರಾಚೆ ತೊಪ್ಪೂರಿನ ರಸ್ತೆಯಲ್ಲಿ ಹೋಗಿ ತಿರುಗಿ ಬರಬೇಕು. ಇವರು ಅಂದು ಅಚ್ಚರಿಯಾಗುವಂತೆ ನಿಧಾನವಾಗಿ ಶುರುಮಾಡಿದರು. ನಾನು ಯಥಾಪ್ರಕಾರ ಹಿಂದೆ. ಊರು ಮುಗಿದು ಹೊಲಗಳು ಶುರುವಾಗುವಲ್ಲಿ ಒಂದು ಮೋರಿ ಇತ್ತು, ಅದಕ್ಕೆ ಎರಡೂ ಕಡೆ ಗಿಡ್ಡ ಕಟ್ಟೆ. ಇವರು ರಸ್ತೆ ಬಿಟ್ಟು ಪಕ್ಕಕ್ಕೆ ಹೋಗಿ, ಆ ಕಟ್ಟೆಯ ಮೇಲೆ ಕೂತುಬಿಟ್ಟರು.

ಅವರ ಕಾಲಿಗೆ ಮುಳ್ಳು ಹೊಕ್ಕಿತೇನೋ ಎಂದು ನಾನೂ ನಿಂತೆ.

"ಏನಾತು ಮಾವ?" ನಮ್ಮ ಕಡೆ ಗಂಡನನ್ನು ಹಾಗೇ ಕರೆಯುವುದು.

"ಏನೂ ಆಗಿಲ್ಲ. ಕೂತಿದೀನಿ. ಓಡೋನ್ನ ದಾಟಿದ್ರೆ ತಾನೆ ದಾಟ್ದಂಗೆ? ಕೂತಿರೋನ್ನ ದಾಟೋದು ಯಾವ ಲೆಕ್ಕ. ನೀ ಓಗು."

"ಅತ್ತೆ ಕೇಳಿದ್ರೆ ಏನ್ ಯೋಳ್ಲಿ?"

"ಕೂತಿದ್ರು ಅನ್ನು. ಸುಳ್ಳಲ್ವಲ್ಲ."

ನಾನು ಕದಲಲಿಲ್ಲ. ಓಡುವವರು ಒಬ್ಬೊಬ್ಬರಾಗಿ ನಮ್ಮನ್ನು ನೋಡಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಇವರ ಕಾಲು ಕೂತಲ್ಲೇ ಕುಣಿಯುತ್ತಿತ್ತು. ಯಾರೋ ಎಳೆದೊಯ್ಯುತ್ತಾರೆ ಎಂಬಂತೆ ಎರಡೂ ಕೈಯಲ್ಲಿ ಕಟ್ಟೆಯ ಅಂಚು ಹಿಡಿದಿದ್ದರು. "ಓಗಲೇ, ಎಷ್ಟೊತ್ತು ಕೂತಿರ್ಲಿ, ನನ್ ಕೈಲಿ ಆಗಲ್ಲ" ಎಂದು ಗದರಿದರು. ಆ ದನಿ ಬೇಡಿಕೊಳ್ಳುವಂತಿತ್ತು.

ನಾನು ಅವರ ಎದುರಿನಿಂದ ಹಾದು ಮುಂದೆ ಹೋದೆ. ಮೊದಲ ಕೆಲವು ಹೆಜ್ಜೆ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದೇ ಓಡಿದೆ. ಆಮೇಲೆ ಕಣ್ಣ ಮುಂದೆ ಬೆನ್ನಿಲ್ಲ, ಅಂಗಿಯಿಲ್ಲ, ರಸ್ತೆ ಪೂರ್ತಿ ಕಾಣುತ್ತಿದೆ ಎಂದು ಗೊತ್ತಾಯಿತು. ಎರಡೂ ಬದಿಯ ಹುಣಿಸೆ ಮರಗಳು ಹತ್ತಿರ ಬಂದು ಹಿಂದೆ ಸರಿದವು. ಟೀಚರುಗಳನ್ನು ದಾಟಿದೆ, ಪೊಲೀಸಿನ ಹುಡುಗರಿಬ್ಬರನ್ನು ದಾಟಿದೆ. ನನಗೆ ಅಷ್ಟು ಸಂತೋಷವಾದದ್ದು ಅದಕ್ಕೆ ಮೊದಲಿಲ್ಲ. ತಿರುಗಿ ಬರುವಾಗ ಕಟ್ಟೆಯ ಮೇಲೆ ಅವರು ಇನ್ನೂ ಕೂತಿದ್ದರು. ಕೈಯೆತ್ತಿದರು, ಏಳಲಿಲ್ಲ. ಹೆಂಗಸರಲ್ಲಿ ನಾನೇ ಮೊದಲು ಬಂದೆ, ಎವರ್‌ಸಿಲ್ವರ್, ಅಂದರೆ ಸ್ಟೀಲಿನ ಟಿಫಿನ್ ಕ್ಯಾರಿಯರ್ ಕೊಟ್ಟರು.

ಆ ಕ್ಯಾರಿಯರ್ ನೋಡಿದ್ದೇ ಅತ್ತೆಯ ಮುಖ ಬಿಗಿಯಿತು. ಅವನೆಲ್ಲಿದ್ದ ಎಂದು ನನ್ನನ್ನೇ ಕೇಳಿದರು. ಕೂತಿದ್ದರು ಎಂದೆ. ಯಾಕೆ ಕೂತಿದ್ದ ಎಂದರು. ಇವರು ನಡುವೆ ಬಾಯಿ ಹಾಕಿ, "ಕಾಲು ನೋಯ್ತಿತ್ತಮ್ಮ" ಎಂದರು. ಅತ್ತೆ ದೇವರ ಗೂಡಿನಿಂದ ವಿಭೂತಿ ತಂದು ಮಗನ ಹಣೆಗೆ ದಪ್ಪಗೆ ಬಳಿದರು. ಕ್ಯಾರಿಯರನ್ನು ಅವರು ಎಂದೂ ಮುಟ್ಟಲಿಲ್ಲ.

ಆಮೇಲೆ ಎರಡು ಮೂರು ಓಟಗಳಲ್ಲಿ ಹೀಗೇ ನಡೆಯಿತು. ಪ್ರತಿ ಊರಿನಲ್ಲೂ ಅವರಿಗೊಂದು ಮೋರಿ ಕಟ್ಟೆಯೋ ಮೈಲಿಗಲ್ಲೋ ಸಿಗುತ್ತಿತ್ತು. ಹಿಂದಿನ ದಿನವೇ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗಿ ನೋಡಿ ಬರುತ್ತಿದ್ದರು ಎಂದು ಎಷ್ಟೋ ಕಾಲದ ಮೇಲೆ ಅವರ ಆಫೀಸಿನವರೊಬ್ಬರಿಂದ ತಿಳಿಯಿತು.

ಧರ್ಮಪುರಿಯ ಓಟವಾಗಿ ಎರಡನೆಯ ಬೇಸಗೆಯಲ್ಲಿ ಅವರಿಗೆ ಕಾಮಾಲೆ ಬಂತು. ಕೀಳಾನೆಲ್ಲಿ, ಅಂದರೆ ನೆಲನೆಲ್ಲಿ ಸೊಪ್ಪು ಅರೆದು ಕೊಟ್ಟೆವು, ಆಮೇಲೆ ಆಸ್ಪತ್ರೆಗೆ ಸೇರಿಸಿದೆವು. ಮಂಚದ ಮೇಲೂ ಪಾದಗಳು ಅಲುಗುತ್ತಲೇ ಇದ್ದವು. ಕಣ್ಣು ಅರಿಸಿನವಾಗಿದ್ದ ಆ ಮುಖ ನೋಡಿ ತಡೆಯಲಾರದೆ ಕೇಳಿಬಿಟ್ಟೆ.

"ಮಾವ, ನಾನ್ ದಾಟಿದ್ಕಾ?"

ಅವರಿಗೆ ಸಿಟ್ಟು ಬಂತು, ಎದ್ದು ಕೂರಲು ಹೋದರು. "ಕುಡ್ದ ನೀರಿಂದ ಬಂದಿದ್ದು ಅಂತ ಡಾಕ್ಟ್ರು ಯೋಳವ್ರೆ. ನೀನ್ ಓಡಿದ್ಕೂ ಇದ್ಕೂ ಗಂಟಾಕ್ಬ್ಯಾಡ. ಯಾರ್ ಅಂದ್ರೂ ಒಪ್ಕಬ್ಯಾಡ, ತೆರಿಯುಮಾ?"

ತೆರಿಯುಂ, ಗೊತ್ತಾಯಿತು ಎಂದೆ. ಮರುದಿನದಿಂದ ಅವರಿಗೆ ಪ್ರಜ್ಞೆ ಇರಲಿಲ್ಲ. ಅದೇ ವಾರ ಹೋದರು.

ಹೆಣ ಮನೆಗೆ ಬಂದಾಗ ಅತ್ತೆ ಅಳುವುದನ್ನು ನಿಲ್ಲಿಸಿ ನನ್ನತ್ತ ತಿರುಗಿ, "ದಾಟ್ಬ್ಯಾಡ ಅಂದಿದ್ದೆ" ಎಂದರು. ಅಷ್ಟೇ. ಮುಂದೆ ಅವರು ಅದನ್ನು ಎತ್ತಲಿಲ್ಲ. ಒಂದೇ ಒಲೆಯ ಮುಂದೆ ಅತ್ತೆ ಸೊಸೆ ದಿನ ಕಳೆದೆವು. ಹಗಲು ಡಾಕ್ಟರ ಮಾತನ್ನು ನಂಬುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ನಂಬಿಕೆ ಜಾರುತ್ತಿತ್ತು. ಅಂಗಳದಲ್ಲಿ ಓಡಾಡುವ ಸದ್ದಿಲ್ಲದೆ ಆ ಮನೆಯಲ್ಲಿ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಕ್ಲಬ್ಬಿನವರಿಬ್ಬರು ಬಂದರು. ಬಡ ರೋಗಿಗಳ ನಿಧಿಗೆ ಓಟ ಇಟ್ಟಿದ್ದೇವೆ, ಜೊತೆಗೆ ಗಂಡಸು ಬೇಕೆಂಬ ನಿಯಮ ಈಗಿಲ್ಲ, ನೀವು ಬರಬೇಕು ಎಂದರು. ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಇಲ್ಲ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅತ್ತೆ ತಲೆಯೆತ್ತದೆ ಹೇಳಿದರು:

"ಓಗು. ಇನ್ಯಾರವ್ರೆ, ನೀನ್ ದಾಟಕ್ಕೆ."

ಹೋದೆ. ಸೇಲಂ ಊರೊಳಗಿನ ರಸ್ತೆ, ಎರಡೂ ಬದಿಯಲ್ಲಿ ಜನ. ನಮ್ಮನೆಯವರು ಹೋದಾಗಿನಿಂದ ನಾನು ಸರಿಯಾಗಿ ಅತ್ತಿರಲಿಲ್ಲ. ಓಟ ಶುರುವಾದದ್ದೇ ಅಳು ಒತ್ತರಿಸಿ ಬಂತು. ಓಡುತ್ತ ಅಳಲು ಆಗುವುದಿಲ್ಲ, ಉಸಿರು ಸಾಲುವುದಿಲ್ಲ. ನಿಂತರೆ ಅಳಬೇಕಾಗುತ್ತದೆಂದು ಅಂದು ನಾನು ಎಲ್ಲಿಯೂ ನಿಲ್ಲಲಿಲ್ಲ.