ಬ್ಯಾರನ್ ದ್ವೀಪದ ಆಡುಗಳು

ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಯಾರೂ ಇಳಿಯುವಂತಿಲ್ಲ. ದೋಣಿ ಸುತ್ತು ಹಾಕುತ್ತದೆ. ಎಲ್ಲರೂ ಜ್ವಾಲಾಮುಖಿಯ ಹೊಗೆ ನೋಡುತ್ತಿದ್ದಾಗ ಅವ್ವ ಕೆಳಗಿನ ಕಪ್ಪು ಇಳಿಜಾರು ತೋರಿಸಿ, "ಆಡು ಅದಾವಲ್ಲೋ!" ಎಂದಳು. ಎಂದೋ ಹಡಗಿನವರು ಬಿಟ್ಟುಹೋದ ಆಡುಗಳ ಸಂತತಿಯೆಂದು ಗೈಡ್ ಹೇಳಿದ.

ನಮ್ಮೂರು ಕೂಡ್ಲಿಗಿಯಲ್ಲಿ ನನ್ನ ತಮ್ಮ ಆಡು ಸಾಕಿದ್ದ. ಅವನು ತೀರಿಕೊಂಡ ಮೇಲೆ, ಅವನಿಗೆ ಇಷ್ಟವಾಗಿದ್ದ ಜೋಳದ ರೊಟ್ಟಿಯನ್ನು ಅವ್ವ ಬಿಟ್ಟಿದ್ದಳು. ಬರೀ ಗಂಜಿ ಕುಡಿದು ಸೊರಗಿದ್ದಳು.

"ಇಲ್ಲಿ ಯಾವ ನೀರು ಕುಡಿತಾವಂತ, ಕೇಳು."

ಗೈಡನ್ನು ಕೇಳಿ ಹೇಳಿದೆ: "ಸಮುದ್ರದ ನೀರೂ ಕುಡಿತಾವಂತವ್ವ."

"ಉಪ್ಪನೀರಾ? ಸುಳ್ಳು ಹೇಳ್ತಾನ."

ಅಷ್ಟರಲ್ಲಿ ಒಂದು ಆಡು ಬಂಡೆಗಿಳಿದು ಅಲೆಗೆ ಬಾಯಿಟ್ಟಿತು. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ದೋಣಿಯಲ್ಲಿ ಕೊಟ್ಟ ಚಾ ಹಿಡಿದುಕೊಂಡೇ, ಊರಿಂದ ಒಣ ಜೋಳದ ರೊಟ್ಟಿ ಕಟ್ಟಿ ತಂದಿದ್ದ ನನ್ನ ಬುತ್ತಿಗಂಟಿನತ್ತ ಕೈ ಚಾಚಿದಳು.

"ಒಂದು ರೊಟ್ಟಿ ಮುರಿದು ಕೊಡು. ಚಾದಾಗ ನೆನಸ್ಕಂತೀನಿ."